ಮಕ್ಕಳ ಕೈಗೆ ಕೆಲಸ ಕೊಡುವುದು ಹೇಗೆ? ಅಡುಗೆಮನೆ, ಅಂಗಳದ ಚಟುವಟಿಕೆಗಳು

ಎರಡು ಮಕ್ಕಳ ಅಮ್ಮ
ಎಲ್ಲರಿಗೂ ನಮಸ್ಕಾರ. ನನ್ನ ಮಗಳಿಗೆ ನಾಲ್ಕು ವರ್ಷ, ಮಗನಿಗೆ ಎರಡೂವರೆ. ಕಳೆದ ಭಾನುವಾರ ಮೈದಾಕ್ಕೆ ಉಪ್ಪು, ನೀರು ಹಾಕಿ ಕಲಸಿದ ಉಪ್ಪುಹಿಟ್ಟಿನ ಮೇಲೆ ಎಲೆಯ ಅಚ್ಚು ಒತ್ತೋಣ ಅಂದುಕೊಂಡೆವು. ಹಿಟ್ಟು ಅಳೆದು, ಕಲಸಿ, ಲಟ್ಟಿಸಿ, ಎಲೆಗಳನ್ನು ತೊಳೆದು ಒರೆಸಿ, ಎಲ್ಲ ಸಿದ್ಧ ಮಾಡಿಟ್ಟು ಮಗಳನ್ನು ಕರೆದೆ. ಅವಳು ಒಂದು ಎಲೆ ಒತ್ತಿದಳು. "ಆಯ್ತು" ಅಂದು ಎದ್ದು ಹೋದಳು. ಐದು ನಿಮಿಷವೂ ಆಗಿರಲಿಲ್ಲ. ಉಳಿದ ಏಳು ಎಲೆಗಳನ್ನು ನಾನೇ ಒತ್ತಿದೆ. ನೋಡಿದವರೆಲ್ಲ "ಮಗಳು ಎಷ್ಟು ಚೆಂದ ಮಾಡಿದ್ದಾಳೆ" ಅಂದಾಗ ನನಗೆ ಬೇಸರವಾಯಿತು. ಅದು ಅವಳು ಮಾಡಿದ್ದಲ್ಲ.

ಅಂಗಡಿಯಲ್ಲಿ ಸಿಗುವ ಕರಕುಶಲದ ಸಿದ್ಧ ಪೆಟ್ಟಿಗೆಗಳು ಬೇಡ ಅಂತ ನನ್ನ ಆಸೆ. ಮನೆಯಲ್ಲಿ, ಅಂಗಳದಲ್ಲಿ ಸಿಗುವುದರಲ್ಲೇ ಮಾಡಬೇಕು. ಆದರೆ ಮಕ್ಕಳು ಕೂರುವುದಿಲ್ಲ. ಮಗನಂತೂ ಎಲ್ಲವನ್ನೂ ಬಾಯಿಗೆ ಹಾಕುತ್ತಾನೆ. ನಿಮ್ಮ ಮನೆಗಳಲ್ಲಿ ಏನು ಮಾಡಿಸುತ್ತೀರಿ?

ಬಣ್ಣದ ಬುಟ್ಟಿ
ನೀವು ಬರೆದದ್ದನ್ನು ಇನ್ನೊಮ್ಮೆ ಓದಿ ನೋಡಿ. ಅಳೆದದ್ದು ನೀವು, ಕಲಸಿದ್ದು ನೀವು, ಲಟ್ಟಿಸಿದ್ದು ನೀವು, ಎಲೆ ತೊಳೆದದ್ದೂ ನೀವು. ಮಜಾ ಇದ್ದದ್ದೆಲ್ಲ ಮುಗಿದ ಮೇಲೆ ಮಗುವನ್ನು ಕರೆದಿದ್ದೀರಿ. ಅವಳಿಗೆ ಉಳಿದದ್ದು ಒತ್ತುವ ಕೆಲಸ ಒಂದೇ. ಅದಕ್ಕೆ ಐದು ನಿಮಿಷ ಸಾಕು, ಅಲ್ವಾ?

ನಾನೂ ಹೀಗೆಯೇ ಮಾಡುತ್ತಿದ್ದೆ, ಅದಕ್ಕೇ ಹೇಳುತ್ತಿದ್ದೇನೆ. ಈಗ ಅಳತೆಯಿಂದಲೇ ಮಗನ ಕೈಗೆ ಬಿಡುತ್ತೇನೆ. ಎರಡು ಲೋಟ ಮೈದಾ, ಒಂದು ಲೋಟ ಉಪ್ಪು, ನೀರು ಸುಮಾರು ಒಂದು ಲೋಟ. ನೀರನ್ನು ಮಾತ್ರ ಸ್ವಲ್ಪ ಸ್ವಲ್ಪವೇ ಹಾಕಿಸಿ, ಒಮ್ಮೆಲೇ ಸುರಿದರೆ ಹಿಟ್ಟು ಅಂಟಾಗುತ್ತದೆ. ಅಂಟಾದರೂ ಪರವಾಗಿಲ್ಲ, ಇನ್ನೊಂದು ಹಿಡಿ ಮೈದಾ ಹಾಕಿದರೆ ಸರಿಹೋಗುತ್ತದೆ. ಹಾಗೆ ಸರಿಮಾಡುವುದನ್ನೂ ಮಗುವೇ ಕಂಡುಕೊಳ್ಳಲಿ. ನಮ್ಮ ಮನೆಯಲ್ಲಿ ಮೊದಲ ಸಲ ನಲವತ್ತು ನಿಮಿಷ ಬರೀ ಕಲಸುವುದೇ ನಡೆಯಿತು. ಅಚ್ಚು ಒತ್ತಲೇ ಇಲ್ಲ. ಹಿಟ್ಟನ್ನು ಮುಚ್ಚಿಟ್ಟು ಮರುದಿನ ಒತ್ತಿದೆವು.

ಶಿಶುವಿಹಾರದ ಟೀಚರ್
ಬಣ್ಣದ ಬುಟ್ಟಿ ಹೇಳಿದ್ದು ಸರಿಯಾಗಿದೆ. ಅದಕ್ಕೆ ಒಂದು ಮಾತು ಸೇರಿಸುತ್ತೇನೆ.

ಚಟುವಟಿಕೆ ಹುಡುಕುವಾಗ ನಾವು ಕೊನೆಗೆ ಬರುವ ವಸ್ತುವಿನ ಚಿತ್ರ ನೋಡಿ ಆರಿಸುತ್ತೇವೆ. ಅದರ ಬದಲು ಮಗುವಿನ ಕೈ ನೋಡಿ ಆರಿಸಿ. ಎರಡು ವರ್ಷದ ಕೈಗೆ ಹರಿಯುವುದು, ಒತ್ತುವುದು, ಸುರಿಯುವುದು, ತುಂಬಿಸಿ ಖಾಲಿ ಮಾಡುವುದು ಇಷ್ಟ. ಮೂರರ ಹೊತ್ತಿಗೆ ಕತ್ತರಿಯಲ್ಲಿ ಕಾಗದದ ಅಂಚನ್ನು ಚಕ್ ಚಕ್ ಎಂದು ಕತ್ತರಿಸಬಹುದು. ಗೆರೆಯ ಮೇಲೆ ಕತ್ತರಿಸಲು ಹೆಚ್ಚಿನ ಮಕ್ಕಳಿಗೆ ನಾಲ್ಕು ದಾಟಬೇಕು. ದೊಡ್ಡ ಕಣ್ಣಿನ ಮೊಂಡು ಸೂಜಿ, ದಪ್ಪ ದಾರ ಐದರ ಹತ್ತಿರ. ಒಂದಿಷ್ಟು ಹಿಂದೆ ಮುಂದೆ ಆಗುತ್ತದೆ, ಅದರ ಬಗ್ಗೆ ಚಿಂತೆ ಬೇಡ.

ಇದು ಹೊಸ ವಿಚಾರವೇನಲ್ಲ. ಜರ್ಮನಿಯಲ್ಲಿ ಫ್ರೋಬೆಲ್ ಎಂಬ ಶಿಕ್ಷಣತಜ್ಞ 1837ರಲ್ಲಿ ಚಿಕ್ಕ ಮಕ್ಕಳಿಗಾಗಿ ತೆರೆದ ಸಂಸ್ಥೆಯಲ್ಲಿ ಕಾಗದ ಮಡಚುವುದು, ಹೆಣೆಯುವುದು, ಜೇಡಿಮಣ್ಣು, ತೋಟದ ಕೆಲಸ ಇವೇ ಪಾಠವಾಗಿದ್ದವು. ಮೂರು ವರ್ಷದ ಮೇಲೆ ಅದಕ್ಕೆ ಕಿಂಡರ್‌ಗಾರ್ಟನ್ ಎಂದು ಹೆಸರಿಟ್ಟರು. ಮಕ್ಕಳ ತೋಟ ಎಂದು ಅದರ ಅರ್ಥ. 1907ರಲ್ಲಿ ರೋಮಿನಲ್ಲಿ ಮಾರಿಯಾ ಮಾಂಟೆಸೊರಿ ಎಂಬ ಶಿಕ್ಷಣತಜ್ಞೆ ಶುರುಮಾಡಿದ 'ಮಕ್ಕಳ ಮನೆ' ಎಂಬ ಶಾಲೆಯಲ್ಲಿ ಮಕ್ಕಳು ನೀರು ಸುರಿಯುತ್ತಿದ್ದರು, ಗುಡಿಸುತ್ತಿದ್ದರು, ಮೇಜು ಒರೆಸುತ್ತಿದ್ದರು. ಆಟದ ಪೊರಕೆಯಲ್ಲ, ಅವರ ಎತ್ತರಕ್ಕೆ ಮಾಡಿದ ನಿಜವಾದ ಪೊರಕೆ.

ತರಗತಿಯಲ್ಲಿ ನಾನು ಮಾಡುವುದು ಹೀಗೆ. ಅಂಚಿರುವ ಒಂದು ತಟ್ಟೆ, ಅದರ ಮೇಲೆ ಎರಡು ಚಿಕ್ಕ ಜಗ್ಗು. ಮೊದಲು ಒಣ ಕಾಳು ಸುರಿಯುವುದು, ಒಂದೆರಡು ವಾರ ಕಳೆದ ಮೇಲೆ ನೀರು. ಚಿಕ್ಕ ಒರೆಸುವ ಬಟ್ಟೆಯೂ ಆ ತಟ್ಟೆಯ ಮೇಲೆಯೇ ಇರುತ್ತದೆ. ಚೆಲ್ಲಿದರೆ ಒರೆಸುವುದೂ ಚಟುವಟಿಕೆಯ ಒಂದು ಭಾಗ. ನಾನು ಒಮ್ಮೆ ನಿಧಾನವಾಗಿ ಮಾಡಿ ತೋರಿಸುತ್ತೇನೆ, ಮಾತಾಡುವುದಿಲ್ಲ. ಮಾತಾಡಿದರೆ ಮಗು ನನ್ನ ಮುಖ ನೋಡುತ್ತದೆ, ಕೈ ನೋಡುವುದಿಲ್ಲ.

ಮಕ್ಕಳ ವಾರ್ಡಿನ ನರ್ಸ್
ಹೆದರಿಸಲು ಬರೆಯುತ್ತಿಲ್ಲ. ಆದರೆ ಎರಡೂವರೆ ವರ್ಷದ ಮಗು ಬಾಯಿಗೆ ಹಾಕುತ್ತದೆ ಅಂದಿದ್ದೀರಿ, ಅದಕ್ಕೆ ನಾಲ್ಕು ಮಾತು ಹೇಳಲೇಬೇಕು.

ಉಪ್ಪುಹಿಟ್ಟಿನಲ್ಲಿ ಉಪ್ಪು ತುಂಬಾ ಜಾಸ್ತಿ. ಒಮ್ಮೆ ನಾಲಿಗೆಗೆ ತಾಗಿದರೆ ಮಗು ತಾನೇ ಉಗಿಯುತ್ತದೆ. ಆದರೆ ಉಂಡೆಗಟ್ಟಲೆ ನುಂಗಿದರೆ ಅಪಾಯ. ಮನೆಯಲ್ಲಿ ನಾಯಿ ಇದ್ದರೆ ಅದಕ್ಕೆ ಇನ್ನೂ ಹೆಚ್ಚು ಅಪಾಯ, ಒಣಗಿಸಿಟ್ಟ ಗೊಂಬೆಯನ್ನೂ ಅದು ತಿಂದುಬಿಡುತ್ತದೆ. ಇನ್ನೊಂದು, ಹಸಿ ಮೈದಾವನ್ನು ನಾವು ಶುದ್ಧ ಎಂದುಕೊಳ್ಳುತ್ತೇವೆ. ಅದು ಬೇಯಿಸದ ಧಾನ್ಯದ ಪುಡಿ. ಹೊಟ್ಟೆ ಕೆಡಿಸುವ ರೋಗಾಣು ಅದರಲ್ಲಿರಬಹುದು. ಆಟ ಮುಗಿದ ಮೇಲೆ ಸೋಪಿನಲ್ಲಿ ಕೈ ತೊಳೆಸಿ.

ಟೀಚರ್ ಹೇಳಿದ ಒಣ ಕಾಳಿನ ಆಟ ಮಗಳಿಗೆ ಒಳ್ಳೆಯದೇ, ಆದರೆ ಪಕ್ಕದಲ್ಲಿ ದೊಡ್ಡವರು ಕೂತಿರಬೇಕು. ಕಾಳು ಮೂಗಿಗೆ ಹೋದರೆ ಒಳಗಿನ ತೇವಕ್ಕೆ ಉಬ್ಬುತ್ತದೆ. ಮನೆಯಲ್ಲಿ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ, ಇನ್ನೂ ಒಳಗೆ ಹೋಗುತ್ತದೆ. ನೇರವಾಗಿ ಆಸ್ಪತ್ರೆಗೆ ಬನ್ನಿ. ರಾಜ್ಮಾ ಕಾಳನ್ನು ಆಟಕ್ಕೆ ಕೊಡಬೇಡಿ. ಹಸಿಯಾಗಿ ಕೆಲವೇ ಕಾಳು ತಿಂದರೂ ವಾಂತಿ ಬೇಧಿ ಶುರುವಾಗುತ್ತದೆ. ಚೆನ್ನಾಗಿ ಕುದಿಸಿ ಬೇಯಿಸಿದ ಮೇಲೆ ಮಾತ್ರ ಆ ವಿಷ ಹೋಗುವುದು.

ಅಂಗಳದಲ್ಲಿ ಹೆಕ್ಕುವ ಬೀಜಗಳಲ್ಲಿ ಗುಲಗಂಜಿ, ಹರಳು, ಕಣಗಿಲೆ, ದತ್ತೂರ ಇವು ಬೇಡವೇ ಬೇಡ. ಗುಲಗಂಜಿ ನೋಡಲು ಕೆಂಪು ಕಪ್ಪಾಗಿ ಚೆಂದ ಇರುತ್ತದೆ, ಮಕ್ಕಳು ಮೊದಲು ಹೆಕ್ಕುವುದೇ ಅದನ್ನು. ಅಗಿದು ನುಂಗಿದರೆ ಪ್ರಾಣಕ್ಕೇ ಕುತ್ತು.

ಮೂರು ವರ್ಷದೊಳಗಿನವರ ಆಟಿಕೆಗಳನ್ನು ಪರೀಕ್ಷಿಸಲು ಸುಮಾರು 32 ಮಿಲಿಮೀಟರ್ ಅಗಲದ ಒಂದು ಕೊಳವೆ ಬಳಸುತ್ತಾರೆ. ಅದರೊಳಗೆ ಪೂರ್ತಿ ಇಳಿಯುವ ವಸ್ತು ಗಂಟಲಿಗೂ ಇಳಿಯಬಹುದು ಎಂಬ ಲೆಕ್ಕ. ಅಷ್ಟು ಚಿಕ್ಕ ಕಲ್ಲು, ಕಾಯಿ, ಮುಚ್ಚಳ ಯಾವುದನ್ನೂ ಮಗನ ತಟ್ಟೆಯಲ್ಲಿ ಇಡಬೇಡಿ.

ಎರಡು ಮಕ್ಕಳ ಅಮ್ಮ
ಎಲ್ಲರಿಗೂ ತುಂಬಾ ಧನ್ಯವಾದ. ಬಣ್ಣದ ಬುಟ್ಟಿ, ನಿಮ್ಮ ಮಾತು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತುಬಿಟ್ಟೆ. ನಿಜವಾಗಿಯೂ ಎಲ್ಲವನ್ನೂ ನಾನೇ ಮಾಡಿದ್ದೆ. ನರ್ಸ್ ಅವರೇ, ರಾಜ್ಮಾ ವಿಷಯ ನನಗೆ ಗೊತ್ತೇ ಇರಲಿಲ್ಲ. ಡಬ್ಬಿ ಮೇಲಿನ ಕಪಾಟಿಗೆ ಹೋಯಿತು. ಹಾಗಾದರೆ ಮಗನಿಗೆ ಏನು ಕೊಡಲಿ?

ಬಣ್ಣದ ಬುಟ್ಟಿ
ಬಾಯಿಗೆ ಹಾಕಿದರೂ ತೊಂದರೆಯಿಲ್ಲದ್ದನ್ನೇ ಕೊಡಿ. ಸೊಪ್ಪು ಬಿಡಿಸುವುದು. ಬಾಳೆಹಣ್ಣಿನ ಸಿಪ್ಪೆ ಸುಲಿಯುವುದು, ತುದಿ ನೀವು ಬಿಡಿಸಿ ಕೊಡಿ. ಆಲೂಗಡ್ಡೆಯನ್ನು ಬ್ರಶ್‌ನಿಂದ ಉಜ್ಜಿ ತೊಳೆಯುವುದು. ಇದರಲ್ಲಿ ನನ್ನ ಮಗ ಅರ್ಧ ಗಂಟೆ ಕಳೆಯುತ್ತಿದ್ದ. ಆಲೂಗಡ್ಡೆ ನೆಪ, ನೀರು ಮುಖ್ಯ. ಬೋಗುಣಿಯಲ್ಲಿ ಎರಡು ಬೆರಳು ಆಳ ನೀರಿದ್ದರೆ ಸಾಕು. ಅಷ್ಟೇ ನೀರಿದ್ದರೂ ಬಿಟ್ಟು ಎದ್ದು ಹೋಗಬೇಡಿ.

ಇನ್ನೊಂದು, ದೊಡ್ಡ ಡಬ್ಬಿಯಲ್ಲಿ ನೀರು ತುಂಬಿ, ತಿನ್ನಬಹುದಾದ ಹೂವಿನ ಎಸಳು, ಪುದೀನ, ಕಿತ್ತಳೆ ಬಿಲ್ಲೆ ಹಾಕಿ ರಾತ್ರಿ ಫ್ರೀಜರಿನಲ್ಲಿಡಿ. ಬೆಳಗ್ಗೆ ಗಟ್ಟಿಯನ್ನು ತಟ್ಟೆಯಲ್ಲಿಟ್ಟು, ಬೆಚ್ಚಗಿನ ನೀರು ಮತ್ತು ಚಮಚ ಕೊಡಿ. ಒಳಗಿರುವ ಎಲೆಯನ್ನು ಬಿಡಿಸುವುದೇ ಕೆಲಸ. ಮಗಳ ಕೈಗೆ ಒಂದು ಚಿಟಿಕೆ ಉಪ್ಪೂ ಕೊಡಿ. ಉಪ್ಪು ಬಿದ್ದ ಜಾಗದಲ್ಲಿ ಮಂಜುಗಡ್ಡೆಗೆ ಗುಳಿ ಬೀಳುತ್ತದೆ. ಉಪ್ಪು ಬೆರೆತ ನೀರು ಸೊನ್ನೆ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದಿಲ್ಲ, ಅದಕ್ಕೆ. ವಿವರಣೆ ಬೇಡ, ಗುಳಿಯನ್ನು ಅವಳೇ ನೋಡುತ್ತಾಳೆ.

ಹಿತ್ತಿಲ ಗಿಡ
ಎಲೆಗಳ ಬಗ್ಗೆ ನಾನು ಬರೆಯುತ್ತೇನೆ. ಮಗಳ ಜೊತೆ ಮೂರು ವರ್ಷದಿಂದ ಒಣಗಿಸುತ್ತಿದ್ದೇನೆ. ಮೊದಲ ವರ್ಷ ಎಲ್ಲದಕ್ಕೂ ಬೂಷ್ಟು ಹಿಡಿಯಿತು. ಎಲೆಯನ್ನು ಪುಸ್ತಕದಲ್ಲಿಟ್ಟು ಮರೆತುಬಿಡುತ್ತಿದ್ದೆವು, ಅದೇ ತಪ್ಪು. ನೀರು ಹೀರುವ ಕಾಗದ ಬೇಕು, ಹಳೆಯ ಸುದ್ದಿಪತ್ರಿಕೆ ಸಾಕು. ಎಲೆ ಒಂದರ ಮೇಲೊಂದು ಬರದಂತೆ ಹರಡಿ, ಮೇಲೆ ಭಾರ ಹೇರಿ. ಮುಖ್ಯವಾದದ್ದು, ಮೊದಲ ವಾರ ಒಂದು ದಿನ ಬಿಟ್ಟು ಒಂದು ದಿನ ಕಾಗದ ಬದಲಿಸಬೇಕು. ಒಂದೆರಡು ವಾರದಲ್ಲಿ ಎಲೆ ಕಾಗದದಂತೆ ಸರಸರ ಅನ್ನುತ್ತದೆ. ಕಾಗದ ಬದಲಿಸುವುದು ನಮ್ಮಲ್ಲಿ ಮಗಳ ಕೆಲಸ. ನಾನು ಮರೆತರೂ ಅವಳು ಮರೆಯುವುದಿಲ್ಲ.

ದಪ್ಪ, ರಸ ತುಂಬಿದ ಎಲೆ ಒಣಗುವುದಿಲ್ಲ, ಕೊಳೆಯುತ್ತದೆ. ತೆಳ್ಳಗಿನದನ್ನು ಆರಿಸಿ. ಬೆಳಗಿನ ಇಬ್ಬನಿ ಆರಿದ ಮೇಲೆ ಹೆಕ್ಕಿ.

ಅಷ್ಟು ದಿನ ಕಾಯಲು ಆಗದ ಮಕ್ಕಳಿಗೆ ಉಜ್ಜುಚಿತ್ರ. ಎಲೆಯ ಹಿಂಬದಿ ಮೇಲೆ ಬರುವಂತೆ ಇಡಿ, ನರಗಳು ಉಬ್ಬಿರುವುದು ಆ ಕಡೆಗೇ. ಮೇಲೆ ತೆಳು ಕಾಗದ. ಕ್ರೇಯಾನಿನ ಸುತ್ತಿದ ಕಾಗದ ತೆಗೆದು, ಅಡ್ಡ ಮಲಗಿಸಿ ಉಜ್ಜಬೇಕು. ತುದಿಯಿಂದ ಗೀಚಿದರೆ ಕಾಗದ ಹರಿಯುತ್ತದೆ. ಚಿಕ್ಕವನಿಗೆ ಎಲೆ ಜಾರದಂತೆ ಹಿಂದೆ ಒಂದು ಚೂರು ಟೇಪ್ ಹಚ್ಚಿ. ಮರದ ತೊಗಟೆಯ ಮೇಲೂ ಇದೇ ರೀತಿ ಮಾಡಬಹುದು. ಒಂದೊಂದು ಮರದ್ದು ಒಂದೊಂದು ಥರ ಬರುತ್ತದೆ.

ನಮ್ಮ ಮನೆಯ ಒಂದೇ ನಿಯಮ: ಬಿದ್ದದ್ದನ್ನು ಮಾತ್ರ ಹೆಕ್ಕುವುದು. ಹಕ್ಕಿಗೂಡು ಖಾಲಿ ಕಂಡರೂ ಮುಟ್ಟುವುದಿಲ್ಲ. ಕೂದಲಿರುವ ಕಂಬಳಿಹುಳುವನ್ನು ನೋಡುವುದಷ್ಟೇ, ಮುಟ್ಟಿದರೆ ಮೈಯೆಲ್ಲ ತುರಿಕೆ.

ಬಿಸಿಲು ಚಿತ್ರ
ಎಲೆ ಅಂದಕೂಡಲೇ ನಾನು ಬರಲೇಬೇಕು. ಅರಿಶಿನ ಹಚ್ಚಿದ ಕಾಗದದ ಮೇಲೆ ಬಿಸಿಲಿನಿಂದ ಎಲೆಯ ಚಿತ್ರ ತೆಗೆಯಬಹುದು. ಇದರಷ್ಟು ಮಕ್ಕಳನ್ನು ಹಿಡಿದಿಡುವ ಕೆಲಸವನ್ನು ನಾನು ಬೇರೆ ಕಂಡಿಲ್ಲ.

ಅರಿಶಿನದ ಹಳದಿ ಬಿಸಿಲಿಗೆ ಮಾಸುತ್ತದೆ. ಅರಿಶಿನದ ಕಲೆಯಾದ ಬಟ್ಟೆಯನ್ನು ಬಿಸಿಲಿಗೆ ಹಾಕಿದರೆ ಕಲೆ ತೆಳುವಾಗುವುದು ಅದಕ್ಕೇ. ಅದೇ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಎಲೆಯ ನೆರಳಿದ್ದ ಜಾಗ ಹಳದಿಯಾಗಿಯೇ ಉಳಿಯುತ್ತದೆ, ಸುತ್ತಲೂ ಬಿಳಿಚುತ್ತದೆ. ಗಿಡದ ಬಣ್ಣಗಳು ಬೆಳಕಿಗೆ ಹೀಗೆ ಬದಲಾಗುವುದನ್ನು ಜಾನ್ ಹರ್ಷಲ್ ಎಂಬ ವಿಜ್ಞಾನಿ ಹೂವುಗಳ ರಸ ಹಚ್ಚಿ ಹಚ್ಚಿ ನೋಡಿ 1842ರಲ್ಲಿ ಬರೆದಿದ್ದರು. ನೀಲಿ ಬಣ್ಣದ ಸಯನೋಟೈಪ್ ಎಂಬ ಛಾಯಾಚಿತ್ರದ ವಿಧಾನವೂ ಅವರು ಅದೇ ವರ್ಷ ಕಂಡುಹಿಡಿದದ್ದು. ಅದಕ್ಕೆ ರಾಸಾಯನಿಕ ಬೇಕು, ನಮ್ಮದಕ್ಕೆ ಬೇಡ.

ಅರಿಶಿನದ ಬಣ್ಣ ನೀರಿನಲ್ಲಿ ಸರಿಯಾಗಿ ಕರಗುವುದಿಲ್ಲ, ಪುಡಿ ತಳಕ್ಕಿಳಿಯುತ್ತದೆ. ಸ್ಪಿರಿಟ್‌ನಲ್ಲಿ ಕರಗುತ್ತದೆ. ಗಾಯ ಒರೆಸಲು ಔಷಧಿ ಅಂಗಡಿಯಲ್ಲಿ ಸಿಗುತ್ತದಲ್ಲ, ಅದು. ಈ ಹಂತ ಮಾತ್ರ ದೊಡ್ಡವರದು. ಒಲೆಯಿಂದ ದೂರ, ಕಿಟಕಿ ತೆರೆದು ಮಾಡಿ, ಬೇಗ ಬೆಂಕಿ ಹೊತ್ತಿಕೊಳ್ಳುವ ವಸ್ತು ಅದು. ಕಾಲು ಲೋಟ ಸ್ಪಿರಿಟ್‌ಗೆ ಒಂದು ಚಮಚ ಅರಿಶಿನ. ಕಲಕಿ, ಬಟ್ಟೆಯಲ್ಲಿ ಸೋಸಿ, ದಪ್ಪ ಕಾಗದಕ್ಕೆ ಅಗಲ ಬ್ರಶ್‌ನಲ್ಲಿ ಹಚ್ಚಿ. ಕತ್ತಲ ಕೋಣೆಯಲ್ಲಿ ಒಣಗಿಸಿ.

ಇಲ್ಲಿಂದ ಮುಂದೆ ಎಲ್ಲ ಮಗುವಿನದು. ಯಾವ ಎಲೆ, ಎಲ್ಲಿ ಇಡಬೇಕು, ಒಂದೋ ಮೂರೋ, ಅದು ಅವರ ತೀರ್ಮಾನ. ಎಲೆ ಅಲುಗದಂತೆ ಮೇಲೆ ಫೋಟೋ ಫ್ರೇಮಿನ ಪ್ಲಾಸ್ಟಿಕ್ ಹಾಳೆ ಇಡಿ, ನಾಲ್ಕು ಕಡೆ ಕ್ಲಿಪ್ ಹಾಕಿ. ಚುರುಕು ಬಿಸಿಲಿದ್ದರೆ ಎರಡು ಮೂರು ಗಂಟೆಯಲ್ಲಿ ವ್ಯತ್ಯಾಸ ಕಾಣುತ್ತದೆ. ಮೋಡ ಇದ್ದರೆ ಇಡೀ ದಿನ. ಎಲೆ ಎತ್ತುವ ಕ್ಷಣವನ್ನು ಮಗುವಿಗೇ ಬಿಡಿ, ಅದನ್ನು ಮಾತ್ರ ದಯವಿಟ್ಟು ನೀವು ಮಾಡಬೇಡಿ. ಕೊನೆಗೆ ಒಂದು ಚಮಚ ಅಡುಗೆ ಸೋಡಾ ಕದಡಿದ ನೀರನ್ನು ಬ್ರಶ್‌ನಲ್ಲಿ ಸವರಿದರೆ ಉಳಿದ ಹಳದಿ ಕೆಂಪಗಾಗುತ್ತದೆ. ನನ್ನ ಮಗ ಅದನ್ನು ಮೊದಲ ಸಲ ಕಂಡಾಗ ಬ್ರಶ್ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡ.

ಚಿತ್ರ ಶಾಶ್ವತವಲ್ಲ. ಗೋಡೆಗೆ ಹಾಕಿದರೆ ಬೆಳಕಿಗೆ ಮತ್ತೆ ಮಾಸುತ್ತದೆ. ಪುಸ್ತಕದೊಳಗೆ ಇಟ್ಟರೆ ಹೆಚ್ಚು ಕಾಲ ಇರುತ್ತದೆ.

ಮಳೆಹನಿ
ನಿನ್ನೆ ಮಾಡಿ ನೋಡಿದೆವು. ಏನೂ ಬರಲಿಲ್ಲ. ಕಾಗದ ಇಡೀ ಒಂದೇ ಹಳದಿ. ಮೂರು ಗಂಟೆ ಕಿಟಕಿಯ ಒಳಗೆ ಇಟ್ಟಿದ್ದೆ. ಮಗಳು ಅತ್ತಳು.

ಬಿಸಿಲು ಚಿತ್ರ
ಅಯ್ಯೋ, ಕಿಟಕಿಯ ಒಳಗಡೆ ಸಾಲದು. ನೇರ ಬಿಸಿಲು ಕಡಿಮೆ, ಗಾಜೂ ಒಂದಿಷ್ಟು ತಡೆಯುತ್ತದೆ. ಹೊರಗೆ, ಮಧ್ಯಾಹ್ನದ ಬಿಸಿಲಿಗೆ ಇಡಿ. ಬಣ್ಣ ದಪ್ಪವಾಗಿ ಹಚ್ಚಿದ್ದರೂ ಮಾಸಲು ತುಂಬಾ ಹೊತ್ತು ಬೇಕು, ತೆಳುವಾಗಿ ಒಂದೇ ಪದರ ಸಾಕು. ಅದೇ ಕಾಗದವನ್ನು ಎಸೆಯಬೇಡಿ. ನಾಳೆ ಅದನ್ನೇ ಹೊರಗೆ ಇಡಿ, ಬರುತ್ತದೆ. ಮಗಳಿಗೆ ಹೇಳಿ, ಬಿಸಿಲು ಇನ್ನೂ ಕೆಲಸ ಮುಗಿಸಿಲ್ಲ ಅಂತ.

ಮೊಮ್ಮಕ್ಕಳ ಅಜ್ಜಿ
ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ ಮಕ್ಕಳೇ. ಹಿಟ್ಟು, ಕಾಳು, ತರಕಾರಿಯನ್ನು ಆಟಕ್ಕೆ ಹಾಕಿ ಆಮೇಲೆ ಎಸೆಯುವುದನ್ನು ನೋಡಿದರೆ ನನಗೆ ಹೊಟ್ಟೆ ಉರಿಯುತ್ತದೆ. ಅಷ್ಟು ಮೈದಾದಲ್ಲಿ ಒಂದು ಹೊತ್ತಿನ ಊಟವಾಗುತ್ತದೆ. ಊಟದ ತಟ್ಟೆಯಲ್ಲಿ ಅನ್ನ ಚೆಲ್ಲಬಾರದು ಎಂದು ಹೇಳಿ, ಆಟದ ತಟ್ಟೆಯಲ್ಲಿ ಚೆಲ್ಲಲು ಕೊಟ್ಟರೆ ಮಗು ಯಾವುದನ್ನು ಕಲಿಯಬೇಕು?

ಬಣ್ಣದ ಬುಟ್ಟಿ
ಅಜ್ಜಿ, ನಾವು ಹಿಟ್ಟಿನ ಉಂಡೆಯನ್ನು ಮುಚ್ಚಿಟ್ಟು ವಾರಗಟ್ಟಲೆ ಬಳಸುತ್ತೇವೆ. ಅಷ್ಟು ಆಟಕ್ಕೆ ಎರಡು ಲೋಟ ಮೈದಾ ಜಾಸ್ತಿಯಲ್ಲ ಅಂತ ನನಗನಿಸುತ್ತದೆ.

ಶಿಶುವಿಹಾರದ ಟೀಚರ್
ನನಗೆ ಅಜ್ಜಿಯ ಮಾತು ಸರಿ ಅನಿಸುತ್ತದೆ. ನಮ್ಮ ತರಗತಿಗೆ ಬರುವ ಮಕ್ಕಳಲ್ಲಿ ಎಲ್ಲರ ಮನೆಯಲ್ಲೂ ಡಬ್ಬಿ ತುಂಬಿರುವುದಿಲ್ಲ. ಅವರ ಮುಂದೆ ಅಕ್ಕಿಗೆ ಬಣ್ಣ ಹಾಕಿ ಚೆಲ್ಲಾಡಲು ನನ್ನ ಮನಸ್ಸು ಒಪ್ಪದೆ, ಆ ಆಟವನ್ನೇ ನಿಲ್ಲಿಸಿದೆ. ಇನ್ನು ಮೇಲೆ ಸುರಿಯಲು ಕಾಳಿನ ಬದಲೂ ಮರಳನ್ನೇ ಇಡುತ್ತೇನೆ. ಹಿಟ್ಟಿನ ಬದಲು ಜೇಡಿಮಣ್ಣು. ಅದು ಒಣಗಿದರೆ ನೀರು ಹಾಕಿ ನೆನೆಸಿದರೆ ಮತ್ತೆ ಮೆತ್ತಗಾಗುತ್ತದೆ, ಮುಗಿಯುವುದೇ ಇಲ್ಲ. ಎಲೆಯ ಅಚ್ಚೂ ಅದರಲ್ಲಿ ಹೆಚ್ಚು ಸ್ಪಷ್ಟವಾಗಿ ಬರುತ್ತದೆ.

ಬಣ್ಣಕ್ಕೆ ಅದ್ದಿ ಕಾಗದದ ಮೇಲೆ ಒತ್ತುವ ಅಚ್ಚಿನ ಚಿತ್ರಕ್ಕೆ ತರಕಾರಿಯ ಎಸೆಯುವ ತುಂಡುಗಳೇ ಸಾಕು. ಸೊಪ್ಪಿನ ಕಟ್ಟಿನ ಬುಡ ಗುಲಾಬಿಯಂತೆ ಮೂಡುತ್ತದೆ. ಬೆಂಡೆಕಾಯಿಯ ತೊಟ್ಟಿನ ಕಡೆ ನಕ್ಷತ್ರ. ಕತ್ತರಿಸಿದ ಮುಖವನ್ನು ಬಟ್ಟೆಗೆ ಒತ್ತಿ ನೀರು ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಹರಡಿ ಬರೀ ಚುಕ್ಕೆಯಾಗುತ್ತದೆ. ಈರುಳ್ಳಿಯ ಒಣ ಸಿಪ್ಪೆಯನ್ನು ಕೂಡಿಡಿ. ಒಂದು ಪಾತ್ರೆ ತುಂಬ ಆದಾಗ ಕುದಿಸಿದರೆ ಕಿತ್ತಳೆ ಕಂದು ಬಣ್ಣ ಬಿಡುತ್ತದೆ. ಬಿಳಿ ಹತ್ತಿ ಬಟ್ಟೆಯನ್ನು ಮೊದಲು ಪಟಿಕದ ನೀರಿನಲ್ಲಿ ನೆನೆಸಿದ್ದರೆ ಬಣ್ಣ ಚೆನ್ನಾಗಿ ಹಿಡಿಯುತ್ತದೆ. ಕುದಿಸುವುದು ನೀವು. ತಣ್ಣಗಾದ ಮೇಲೆ ಬಟ್ಟೆಗೆ ದಾರ ಬಿಗಿದು ಅದ್ದುವುದು ಮಕ್ಕಳು.

ತಿನ್ನುವ ವಸ್ತು ಮುಟ್ಟಬೇಕಾದರೆ ತಿನ್ನಲಿಕ್ಕೇ ಮುಟ್ಟಲಿ. ಮುಚ್ಚಳ ಭದ್ರವಾಗಿರುವ ಜಾಡಿಯಲ್ಲಿ ಅರ್ಧ ಮಟ್ಟ ದಪ್ಪ ಕೆನೆ ಹಾಕಿ ಕುಲುಕಲು ಕೊಡಿ. ಹತ್ತು ಹದಿನೈದು ನಿಮಿಷ ಬೇಕು, ಸರದಿಯಲ್ಲಿ ಕುಲುಕಬೇಕು. ಮೊದಲು ಗುಳುಗುಳು ಸದ್ದು. ಆಮೇಲೆ ಸದ್ದೇ ನಿಲ್ಲುತ್ತದೆ, ಕೆನೆ ಉಬ್ಬಿ ಗಾಜಿಗೆ ಅಂಟಿಕೊಂಡಿರುತ್ತದೆ. ಇಲ್ಲಿ ಬಹಳ ಮಂದಿ ಕೆಟ್ಟಿತು ಎಂದು ಬಿಟ್ಟುಬಿಡುತ್ತಾರೆ. ಬಿಡಬೇಡಿ. ಇನ್ನೂ ಸ್ವಲ್ಪ ಕುಲುಕಿದರೆ ಒಮ್ಮೆಲೇ ಥಪ್ ಎಂದು ಉಂಡೆ ಬಿದ್ದ ಸದ್ದು ಕೇಳುತ್ತದೆ. ಬೆಣ್ಣೆ ಬಂದಿರುತ್ತದೆ.

ಮೊಮ್ಮಕ್ಕಳ ಅಜ್ಜಿ
ಹಾಂ, ಇದು ಸರಿ. ಬೆಣ್ಣೆ ತೆಗೆದರೆ ಉಳಿದ ನೀರನ್ನೂ ಚೆಲ್ಲಬೇಡಿ, ಹಿಟ್ಟು ಕಲಸಲು ಬಳಸಿ.

ಮಳೆಹನಿ
ಬಂತು! ತಾರಸಿಯ ಮೇಲೆ ಮಧ್ಯಾಹ್ನವಿಡೀ ಇಟ್ಟೆವು. ಎಲೆಯ ತೊಟ್ಟು ಕೂಡ ಮೂಡಿದೆ. ಮಗಳು ಈಗ ತನ್ನ ಅಂಗೈ ಇಟ್ಟು ಕೂರುತ್ತೇನೆ ಅನ್ನುತ್ತಿದ್ದಾಳೆ. ಮೂರು ಗಂಟೆ ಬಿಸಿಲಲ್ಲಿ ಕೂರಿಸಲು ಆಗದು, ಕಾಗದದಲ್ಲಿ ಕೈ ಕತ್ತರಿಸಿ ಇಡೋಣ ಎಂದಿದ್ದೇನೆ.

ಪ್ರಶ್ನೆ ಕೇಳುವ ಅಪ್ಪ
ನೇರಳೆ ಎಲೆಕೋಸು ಸಿಕ್ಕರೆ ಅದನ್ನೂ ನೋಡಿ. ಎರಡು ಎಲೆ ಹರಿದು ಬಿಸಿನೀರಿನಲ್ಲಿ ಬಿಟ್ಟರೆ ನೇರಳೆ ನೀರು. ನಿಂಬೆರಸಕ್ಕೆ ಗುಲಾಬಿ, ಅಡುಗೆ ಸೋಡಾಕ್ಕೆ ನೀಲಿ ಹಸಿರು. ನನ್ನ ಮಗ ಮನೆಯಲ್ಲಿರುವ ಎಲ್ಲವನ್ನೂ ಅದಕ್ಕೆ ಹಾಕಿ ನೋಡಿದ.

ನನ್ನದೊಂದು ಪ್ರಶ್ನೆ. ನಾಲ್ಕು ವರ್ಷಕ್ಕೆ ಚಾಕು ಕೊಡಬಹುದೇ?

ಶಿಶುವಿಹಾರದ ಟೀಚರ್
ಕೊಡಬಹುದು. ಬಾಳೆಹಣ್ಣು ಮತ್ತು ಬೆಣ್ಣೆ ಹಚ್ಚುವ ಮೊಂಡು ಚಾಕುವಿನಿಂದ ಶುರುಮಾಡಿ. ಆಮೇಲೆ ಬೇಯಿಸಿದ ಆಲೂಗಡ್ಡೆ, ಆಮೇಲೆ ಸೌತೆಕಾಯಿ. ಸೌತೆಕಾಯಿಯನ್ನು ನೀವು ಉದ್ದಕ್ಕೆ ಸೀಳಿ ಕೊಡಿ, ಚಪ್ಪಟೆ ಕಡೆ ಕೆಳಗಿದ್ದರೆ ಉರುಳುವುದಿಲ್ಲ. ಕಾಯಿ ಹಿಡಿದ ಕೈಯ ಬೆರಳ ತುದಿ ಒಳಗೆ ಮಡಚಿರಬೇಕು. ಮಗು ನಿಂತಿರುವ ಸ್ಟೂಲ್ ಅಲುಗಬಾರದು. ಚಾಕುವಿಗಿಂತ ಅಲುಗುವ ಸ್ಟೂಲೇ ಹೆಚ್ಚು ಅಪಾಯ.

ಹಿತ್ತಿಲ ಗಿಡ
ಸ್ವಚ್ಛತೆಯ ಮಾತು ಯಾರೂ ಎತ್ತಲಿಲ್ಲ, ಒಂದೇ ಹೇಳುತ್ತೇನೆ. ಕಾರ್ನ್‌ಫ್ಲೋರ್ ನೀರಿನಲ್ಲಿ ಕಲಸಿ ಆಡಿದರೆ, ಗುದ್ದಿದಾಗ ಗಟ್ಟಿ, ಬಿಟ್ಟಾಗ ನೀರಾಗುತ್ತದಲ್ಲ, ಅದನ್ನು ಸಿಂಕಿಗೆ ಸುರಿಯಬೇಡಿ. ತಳದಲ್ಲಿ ಕೂತು ಪೈಪ್ ಕಟ್ಟುತ್ತದೆ. ನಮ್ಮಲ್ಲಿ ಕಟ್ಟಿತ್ತು. ತಟ್ಟೆಯಲ್ಲೇ ಒಣಗಲು ಬಿಡಿ, ಪುಡಿಯಾಗುತ್ತದೆ.

ಎರಡು ಮಕ್ಕಳ ಅಮ್ಮ
ಮೂರು ವಾರ ಆಯಿತು, ಬರೆಯಲು ಈಗ ಪುರುಸೊತ್ತಾಯಿತು. ಜೇಡಿಮಣ್ಣು ತಂದೆ. ಕಲ್ಲು ಆರಿಸುವುದು, ನೆನೆಸುವುದು, ತುಳಿದು ಹದ ಮಾಡುವುದು ಎಲ್ಲ ಮಕ್ಕಳೇ. ಮಗಳು ಎರಡು ದಿನ ಮಣ್ಣನ್ನೇ ಬಿಡಲಿಲ್ಲ. ಅವಳ ಎಲೆಯ ಅಚ್ಚು ಸೊಟ್ಟಗಿದೆ, ಅಂಚು ಬಿರುಕು ಬಿಟ್ಟಿದೆ. ನಾನು ಮುಟ್ಟಲಿಲ್ಲ. ಮುಟ್ಟದಿರುವುದು ನನಗೆ ಕಷ್ಟವೇ ಆಯಿತು. ಮಗ ದಿನಾ ಆಲೂಗಡ್ಡೆ ತೊಳೆಯುತ್ತಾನೆ, ಒಮ್ಮೆ ತೊಳೆದದ್ದನ್ನೇ ನಾಲ್ಕು ಸಲ.

ಇನ್ನೊಂದು ಹೇಳಬೇಕು. ಗಾಜಿನ ಲೋಟದಲ್ಲಿ ಒದ್ದೆ ಹತ್ತಿ ಇಟ್ಟು, ಗಾಜಿಗೆ ಒತ್ತಿಕೊಂಡಂತೆ ಎರಡು ಅವರೆಕಾಳು ಹಾಕಿದ್ದೆವು. ನಾಲ್ಕನೇ ದಿನ ಬೇರು ಬಂತು, ನೇರ ಕೆಳಗೆ. ಮಗಳು ಬಹಳ ಹೊತ್ತು ನೋಡಿದಳು. ಆಮೇಲೆ ಯಾರನ್ನೂ ಕೇಳದೆ ಲೋಟವನ್ನು ಅಡ್ಡ ಮಲಗಿಸಿದಳು. "ಈಗ ಅದು ಏನು ಮಾಡುತ್ತೆ ನೋಡೋಣ" ಅಂದಳು. ಏನಾಗುತ್ತದೆ ಅಂತ ನನಗೆ ಗೊತ್ತು, ಹೇಳಲಿಲ್ಲ. ಲೋಟ ಉರುಳದಂತೆ ಎರಡೂ ಕಡೆ ಬಟ್ಟೆ ಮಡಚಿ ಇಟ್ಟಿದ್ದಾಳೆ. ತಮ್ಮ ಮುಟ್ಟದ ಹಾಗೆ ಕಿಟಕಿಯ ಕಟ್ಟೆಯ ಮೇಲಿದೆ. ನಾಳೆ ಬೆಳಗ್ಗೆ ತನ್ನನ್ನು ಬೇಗ ಎಬ್ಬಿಸಬೇಕಂತೆ.